ಲೀಟರಿಗೆ ಹದಿನಾಲ್ಕು

ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಡಲು ಒಂದು ಹಳೆಯ ಸ್ಪಾರ್ಕ್ ಪ್ಲಗ್ ಇದೆ. ಮನೆಗೆ ಬಂದವರು ಅದನ್ನು ಎತ್ತಿ, ತಿರುಗಿಸಿ, ಮೂಸಿ ನೋಡುತ್ತಾರೆ. "ಆ ಗಾಡೀದೇನ್ರಿ?" ಎನ್ನುತ್ತಾರೆ. ಹೂಂ ಎಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಬಾಯಿಪಾಠವಾಗಿದೆ. "ಲೀಟರಿಗೆ ಎಷ್ಟ ಕೊಡ್ತೈತ್ರಿ?"

ಮದುವೆಯಲ್ಲಿ ಶಹನಾಯಿ ಊದುವವನನ್ನು, ಒಂದು ಕಪ್ ಚಹಾಕ್ಕೆ ಎಷ್ಟು ಹೊತ್ತು ಊದುತ್ತೀಯಪ್ಪ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅವನು ಶಹನಾಯಿಯಿಂದಲೇ ಬಾರಿಸಿಯಾನು. ನನ್ನ ಕೆಂಪು ಗಾಡಿಯನ್ನು ಮಾತ್ರ ಎಲ್ಲರೂ ಕೇಳುತ್ತಾರೆ. ಕಿರಾಣಿ ಅಂಗಡಿಯವರು, ಬಸ್ ಕಂಡಕ್ಟರು, ಒಮ್ಮೆ ನನ್ನ ಹಲ್ಲು ಕೀಳುತ್ತಿದ್ದ ಡಾಕ್ಟರು. ಬಾಯಲ್ಲಿ ಇಕ್ಕಳ ಇಟ್ಟುಕೊಂಡು ನಾನು ಬೆರಳಿನಲ್ಲೇ ಹನ್ನೊಂದು ಎಂದು ತೋರಿಸಿದ್ದೆ.

ನಾನು ಹಾನಗಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಹೊಲಿಗೆ ಕಲಿಸಿದವಳು. ನಿವೃತ್ತಳಾದರೂ ಊರಿಗೆ ಇವತ್ತಿಗೂ ಹೊಲಿಗೆ ಅಕ್ಕೋರು. ಮದುವೆಯಾಗಲಿಲ್ಲ. ಯಾಕೆ ಎಂಬುದು ಇಲ್ಲಿನ ವಿಷಯವಲ್ಲ. ಗಾಡಿಯ ಮಾತು ಬಂದಾಗಲೆಲ್ಲ ಜನ ಅದನ್ನೇ ಎಳೆದು ತರುತ್ತಾರೆ ಎಂಬುದಷ್ಟೇ ನನ್ನ ತಕರಾರು. ಗಂಡನಿದ್ದಿದ್ದರೆ ಈ ಹುಚ್ಚು ಹಿಡಿಯುತ್ತಿರಲಿಲ್ಲವಂತೆ. ಇರಬಹುದು. ಬೇರೆ ಹುಚ್ಚು ಹಿಡಿಯುತ್ತಿತ್ತು.

ಗಾಡಿ ಸಿಕ್ಕಿದ್ದು ಸವಣೂರಿನ ಎಲೆತೋಟವೊಂದರಲ್ಲಿ. ಸಂಬಂಧಿಕರೊಬ್ಬರ ಮನೆಯ ಕಾರ್ಯಕ್ಕೆ ವೀಳ್ಯದೆಲೆ ತರಲು ಹೋಗಿದ್ದೆ. ತೋಟದ ಅಂಚಿನ ತಗಡಿನ ಚಪ್ಪರದಡಿ ಉದ್ದ ಮೂತಿಯ, ಎರಡೇ ಬಾಗಿಲಿನ, ಎರಡೇ ಸೀಟಿನ ಒಂದು ಕಾರು ನಿಂತಿತ್ತು. ಓಟದ ಗಾಡಿ. ತೋಟದ ಮಾಲೀಕರ ಅಣ್ಣ ಪುಣೆಯಲ್ಲಿದ್ದಾಗ ಕೊಂಡು ತಂದಿದ್ದನಂತೆ. ಅವನು ತೀರಿಕೊಂಡ ಮೇಲೆ ಯಾರೂ ಮುಟ್ಟಿರಲಿಲ್ಲ. ಬಣ್ಣ ಬಿಸಿಲಿಗೆ ಇಟ್ಟಿಗೆಯ ಹಾಗಾಗಿತ್ತು. ಒಳಗೆ ಒಂದು ಕೋಳಿ ಕಾವಿಗೆ ಕೂತಿತ್ತು. ನಾನು ಬಾಗಿ ನೋಡಿದೆ, ಕೋಳಿ ನನ್ನನ್ನು ನೋಡಿತು. ಇಬ್ಬರಲ್ಲಿ ಯಾರು ಇಳಿಯಬೇಕೆಂದು ಆ ಕ್ಷಣವೇ ತೀರ್ಮಾನವಾಯಿತು.

"ಒಯ್ರಿ ಅಕ್ಕೋರ, ಜಾಗಾ ಖಾಲಿ ಆಗ್ತೈತಿ" ಎಂದರು ಮಾಲೀಕರು. ಮರಿಗಳು ಒಡೆದು ಬರುವವರೆಗೆ ಮೂರು ವಾರ ಕಾಯಬೇಕು ಎಂಬುದೊಂದೇ ಅವರ ಕರಾರು.

ಹೊಲಿಗೆ ಕಲಿಸುವವಳಿಗೆ ಇಂಜಿನ್ನಿನ ಗೀಳು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಾನು ಮಾಸೂರಿನವಳು. ಮದಗದ ಕೆರೆಯ ನೀರು ಹಾಯುವ ಹೊಲಗಳ ನಡುವೆ ಬೆಳೆದವಳು. ಕಾಲುವೆಯ ನೀರು ಏರದ ದಿಬ್ಬದ ಹೊಲಕ್ಕೆ ಅಪ್ಪ ಒಂದು ಎಣ್ಣೆ ಇಂಜಿನ್ ಕೂಡಿಸಿದ್ದರು. ಅದು ಕೆಟ್ಟಾಗ ನಾಲ್ಕು ಜನ ಗಂಡಸರು ಸುತ್ತ ನಿಂತು ನಾಲ್ಕು ಕಾರಣ ಹೇಳುತ್ತಿದ್ದರು. ಅಪ್ಪ ಅವರೆಲ್ಲರನ್ನೂ ಸುಮ್ಮನಿರಿಸಿ, "ಸುಶೀಲಾ, ನೀ ಕೇಳ" ಎನ್ನುತ್ತಿದ್ದರು. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಇಂಜಿನ್ನಿಗೆ ಉಬ್ಬಸವಿದೆಯೋ, ಬಿಕ್ಕಳಿಕೆಯೋ, ಬರೀ ಮುನಿಸೋ ಅಷ್ಟು ಹೇಳುತ್ತಿದ್ದೆ. ಉಳಿದದ್ದು ಅಪ್ಪನಿಗೆ ತಿಳಿಯುತ್ತಿತ್ತು. ಮುಂದೆ ಶಾಲೆಯಲ್ಲೂ ಅಷ್ಟೇ. ಇಪ್ಪತ್ತು ಮಿಷನ್ನುಗಳು ಒಟ್ಟಿಗೆ ಓಡುವಾಗ ಹನ್ನೆರಡನೆಯದರ ದಾರ ಬಿಗಿಯಾಗಿದೆ ಎಂದು ನಾನು ಕುಂತಲ್ಲಿಂದಲೇ ಕೂಗುತ್ತಿದ್ದೆ. ಹುಡುಗಿಯರು ನನಗೆ ಬೆನ್ನಲ್ಲೂ ಕಣ್ಣಿದೆ ಎಂದುಕೊಂಡಿದ್ದರು.

ಗಾಡಿಯನ್ನು ಬದುಕಿಸಿದವರು ಸವಣೂರಿನ ದಸ್ತಗೀರಸಾಬರು. ಎಪ್ಪತ್ತು ದಾಟಿದ ಮೇಸ್ತ್ರಿ, ಒಂದೇ ಬಾಗಿಲಿನ ಗ್ಯಾರೇಜು. ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ದವಡೆಗೆ ಒತ್ತಿ ನಿಂತರೆಂದರೆ ಹಕೀಮರು ನಾಡಿ ಹಿಡಿದಂತೆ. ಗಾಳಿ ಮತ್ತು ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಒಂದು ಪುಟ್ಟ ಸ್ಕ್ರೂವನ್ನು ಕಾಲು ಸುತ್ತು ಆಚೆ, ಅರ್ಧ ಸುತ್ತು ಈಚೆ ಮಾಡಿ, ಲೀಟರಿಗೆ ಹನ್ನೊಂದಕ್ಕೆ ತಂದು ನಿಲ್ಲಿಸಿದ್ದರು. ನಾಲ್ಕು ವರ್ಷ ಆ ಹನ್ನೊಂದರಲ್ಲಿ ನಾನು ರಾಣಿಯ ಹಾಗೆ ತಿರುಗಿದೆ.

ಈ ವರ್ಷ ಅವರ ಬಳಿ ಟ್ಯೂನಿಂಗ್ ಮಾಡಿಸಿಕೊಂಡು ಬಂದ ತಿಂಗಳಲ್ಲೇ ಹನ್ನೊಂದು ಒಂಬತ್ತಾಯಿತು, ಒಂಬತ್ತು ಏಳಾಯಿತು. ಹಿಂದೆ ಕರೀ ಹೊಗೆ. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ಬಾಯಿ ಬ್ರೇಕಿಲ್ಲದ್ದು. ಸವಣೂರಿನಲ್ಲಿ ಚಹಾದ ಜೊತೆ ಕುರುಕುವ ಖಾರ ಕಟ್ಟಿಸಿಕೊಳ್ಳುತ್ತಾ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಅಂದುಬಿಟ್ಟೆ. "ದಸ್ತಗೀರಸಾಬರ್ದು ಮುಗೀತ್ರಿ. ಅವರಿಗೆ ಕಿವಿ ಕೇಳಸವಲ್ಲವು. ಅದಕ್ಕ ನನ್ನ ಗಾಡಿ ಹಿಂಗ ಕುಡ್ಯಾಕತ್ತೈತಿ."

ಆಡಿದ್ದು ಇಷ್ಟೇ. ಖಾರದ ಪೊಟ್ಟಣ ಹಿಡಿದು ಮನೆಗೆ ಬಂದೆ. ಮಾತು ಮಾತ್ರ ಸವಣೂರಿನಲ್ಲೇ ಉಳಿಯಿತು.

ಅದಾದ ಕೆಲವೇ ದಿನಗಳಲ್ಲಿ ನನ್ನ ತಮ್ಮ ಬಸವಂತನ ಮಗಳ ನಿಶ್ಚಿತಾರ್ಥ. ಬಸವಂತ ಮಾಸೂರಿನಲ್ಲೇ ಗದ್ದೆ ಮಾಡಿಕೊಂಡಿದ್ದಾನೆ. ಎಲ್ಲವನ್ನೂ ಅಳೆದು ತೂಗಿ ಮಾಡುವ ಮನುಷ್ಯ. ಗಂಡಿನ ತಂದೆಯನ್ನು ಹಿರೇಕೆರೂರಿನಿಂದ ಮಾಸೂರಿಗೆ ನನ್ನ ಗಾಡಿಯಲ್ಲಿ ಕರೆತರುತ್ತೇನೆಂದು ನಾನೇ ಹಟ ಹಿಡಿದಿದ್ದೆ. ದಾರಿಯಲ್ಲಿ ಪೆಟ್ರೋಲ್ ಮುಗಿಯಿತು. ಪೆಟ್ರೋಲ್ ತೋರಿಸುವ ಮುಳ್ಳು ಕೆಟ್ಟಿದ್ದರಿಂದ ಟ್ಯಾಂಕಿನಲ್ಲಿ ಎಷ್ಟಿದೆಯೆಂಬುದನ್ನು ನಾನು ಓಡಿದ ದೂರದ ಮೇಲೆ ಅಂದಾಜು ಮಾಡುತ್ತಿದ್ದೆ. ಜರಿ ರುಮಾಲು ಸುತ್ತಿದ್ದ ಆ ಬೀಗರು ಇಳಿದು, ಸೊಂಟ ಬಗ್ಗಿಸಿ ಗಾಡಿ ನೂಕಿದರು. ಮಾಸೂರಿನ ಹೊಲಗಳಲ್ಲಿ ನಾಟಿ ಮಾಡುತ್ತಿದ್ದ ಹೆಣ್ಣುಮಕ್ಕಳು ಎದ್ದು ನಿಂತು ನೋಡಿದರು. ಒಬ್ಬಾಕೆ, "ಬೀಗರಿಗೆ ಈಗಿಂದ ರೂಢಿ ಮಾಡ್ಸಾಕತ್ತಾರ ನೋಡ" ಎಂದಳು. ಬೀಗರು ನಕ್ಕರು. ಬಸವಂತ ನಗಲಿಲ್ಲ.

ಮರುದಿನ ಅವನು ಹಾನಗಲ್ಲಿಗೆ ಬಂದ. ಚಹಾ ಮುಟ್ಟಲಿಲ್ಲ.

"ಗುಜರಿಯಾಂವಗ ಹೇಳೇನಿ. ಬಂದು ಒಯ್ತಾನ."

"ನನ್ನ ಗಾಡಿ ಒಯ್ಯಾಕ ನೀ ಯಾರು ಹೇಳಾಂವ?"

"ಅಕ್ಕಾ, ಅದು ಗಾಡಿ ಅಲ್ಲ, ಸೋರೂ ಕೊಡಾ. ಮೊನ್ನೆ ನನ್ನ ಮಾನ ಸೋರ್ತು."

"ರಿಪೇರಿ ಮಾಡಸ್ತೇನಿ."

"ಲೀಟರಿಗೆ ಹದಿನಾಲ್ಕು ಕೊಡ್ಲಿ. ನಾನ ಬಾಜೂಕ ಕುಂತು ನೋಡ್ತೇನಿ. ಕೊಡ್ಲಿಲ್ಲಂದ್ರ ಗುಜರಿಗೆ."

"ನೋಡೋಣು" ಎಂದೆ. ನಮ್ಮ ಕಡೆ ನೋಡೋಣು ಎಂದರೆ ಹೂಂ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಬಸವಂತ ಅದನ್ನು ಹೂಂ ಎಂದು ಕೇಳಿಸಿಕೊಂಡ. ಅದು ಅವನ ಕಿವಿಯ ದೋಷ.

ಹದಿನಾಲ್ಕು ಬೇಕೆಂದರೆ ಮೇಸ್ತ್ರಿ ಬೇಕು. ಹುಬ್ಬಳ್ಳಿಗೆ ಹೋಗಿ, ಅಲ್ಲಿ ಕಂಪ್ಯೂಟರ್ ಹಚ್ಚಿ ನೋಡುತ್ತಾರೆ ಎಂದು ಎಲ್ಲರೂ ಹೇಳಿದರು. ನನ್ನ ಗಾಡಿಯಲ್ಲಿ ಕಂಪ್ಯೂಟರಿನ ತಂತಿ ಚುಚ್ಚಲು ತೂತೇ ಇಲ್ಲ. ನಾಚಿಕೆ ನುಂಗಿಕೊಂಡು ಸವಣೂರಿಗೇ ಹೋದೆ. ಗ್ಯಾರೇಜಿನಲ್ಲಿ ಒಂದೂ ಗಾಡಿ ಇರಲಿಲ್ಲ. ಯಾವಾಗಲೂ ಎರಡು ಮೂರು ಹಳೆಯ ಜೀಪುಗಳು ಬಾನೆಟ್ಟು ತೆರೆದು ನಿಂತಿರುತ್ತಿದ್ದ ಜಾಗ. ದಸ್ತಗೀರಸಾಬರು ನೆಲದ ಮೇಲೆ ಗೋಣಿಚೀಲ ಹಾಸಿ, ನಟ್ಟು ತಿರುಗಿಸುವ ಪಾನಾಗಳನ್ನು ಒಂದೊಂದಾಗಿ ಒರೆಸಿ ಜೋಡಿಸುತ್ತಿದ್ದರು.

"ಏನ್ ಮಾಡಾಕತ್ತೀರಿ?"

ಅವರು ತಲೆ ಎತ್ತಲಿಲ್ಲ. ಇನ್ನೊಮ್ಮೆ ಜೋರಾಗಿ ಕೇಳಿದೆ.

"ಬರ್ರಿ ಅಕ್ಕೋರ, ಕುಂಡ್ರಿ. ಸಾಮಾನು ಮಾರಾವ ಅದೇನಿ. ಗಿರಾಕಿ ಬರವಲ್ರು. ಕಿವುಡಾ ಆಗೇನಂತ ಊರಾಗ ಸುದ್ದಿ."

ಅವರೇ ಎದ್ದು ಬಾನೆಟ್ಟು ತೆರೆದರು. ಪ್ಲಗ್ಗುಗಳನ್ನು ಬಿಚ್ಚಿ ಅಂಗೈಯಲ್ಲಿ ಸಾಲಾಗಿ ಇಟ್ಟುಕೊಂಡರು. ಸರಿಯಾಗಿ ಉರಿಯುವ ಇಂಜಿನ್ನಿನ ಪ್ಲಗ್ಗಿನ ಮೂತಿ ಹಾಲು ಹೆಚ್ಚಾದ ಚಹಾದ ಬಣ್ಣಕ್ಕಿರಬೇಕು. ನನ್ನವು ಕಾಡಿಗೆ. ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ ಎಂದು ಅದರ ಅರ್ಥ. ಅವರು ಕಾರ್ಬ್ಯುರೇಟರ್ ನೋಡಿದರು, ಸ್ಕ್ರೂ ನೋಡಿದರು, ಗಾಳಿ ಸೋಸುವ ಫಿಲ್ಟರ್ ಬಡಿದು ನೋಡಿದರು. ಎಲ್ಲ ಅವರು ಇಟ್ಟ ಹಾಗೆಯೇ ಇದ್ದವು. ಆಮೇಲೆ ಬಂದು ಕಿಟಕಿಯೊಳಗೆ ತಲೆ ಹಾಕಿದರು. ಬಹಳ ಹೊತ್ತು ತಲೆ ಹೊರಗೆ ಬರಲಿಲ್ಲ. ಭುಜ ಕುಲುಕುತ್ತಿದ್ದವು.

"ಅಕ್ಕೋರ, ಇದನ್ನ ಇಲ್ಲಿ ಯಾರು ತೂಗಹಾಕ್ಯಾರ?"

ನನ್ನ ಕೈಚೀಲ. ಅದರೊಳಗೆ ನೀರಿನ ಬಾಟಲಿ, ಕತ್ತರಿ, ಟೇಪು, ಕನ್ನಡಕದ ಎರಡು ಡಬ್ಬಿ, ಅರ್ಧ ಸೇರು ಶೇಂಗಾ. ಬಾಗಿಲ ಬಳಿಯ ಕೊಕ್ಕೆ ಮುರಿದ ಮೇಲೆ ನಾನು ಚೀಲವನ್ನು ಸ್ಟೇರಿಂಗಿನ ಪಕ್ಕದ ಒಂದು ಗುಂಡು ಹಿಡಿಕೆಗೆ, ಅಂದರೆ ಗುಬ್ಬಿಗೆ, ತೂಗುಹಾಕುತ್ತಿದ್ದೆ. ಆ ಗುಬ್ಬಿ ಚೋಕಿನದು. ಮುಂಜಾನೆ ತಣ್ಣಗಿರುವ ಇಂಜಿನ್ನಿಗೆ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚು ಕುಡಿಸಲು ಅದನ್ನು ಹೊರಗೆ ಎಳೆಯುತ್ತಾರೆ. ಇಂಜಿನ್ ಬಿಸಿಯಾದೊಡನೆ ಒಳಗೆ ದೂಡಬೇಕು. ನಾನು ದೂಡುತ್ತಿದ್ದೆ. ನನ್ನ ಚೀಲ ಸಾವಕಾಶವಾಗಿ ಅದನ್ನು ಮತ್ತೆ ಹೊರಗೆ ಎಳೆಯುತ್ತಿತ್ತು. ಎರಡು ತಿಂಗಳು ನನ್ನ ಗಾಡಿಗೆ ಕತ್ತು ಹಿಸುಕಿ ಹಾಲು ಕುಡಿಸಿದವಳು ನಾನೇ.

ನಗುವುದಕ್ಕೂ ಆಗಲಿಲ್ಲ. "ಸಾಬ್ರ, ಆ ಮಾತು ಆಡಿದಾಕಿ ನಾನ" ಎಂದೆ. ಅವರಿಗೆ ಕೇಳಿಸಲೆಂದು ಜೋರಾಗಿಯೇ ಹೇಳಬೇಕಾಯಿತು. ತಪ್ಪು ಒಪ್ಪಿಕೊಳ್ಳುವುದನ್ನು ರಸ್ತೆಗೆಲ್ಲ ಕೇಳುವಂತೆ ಕೂಗಿ ಹೇಳುವುದು ಹೇಗಿರುತ್ತದೆಂದು ಅವತ್ತು ತಿಳಿಯಿತು.

"ಗೊತ್ತೈತ್ರಿ. ಖಾರದಾಂವ ಅವತ್ತ ಸಂಜೀಗೆ ಬಂದು ಹೇಳಿದ್ದ."

"ಗೊತ್ತಿದ್ದೂ ನನ್ನ ಗಾಡಿ ಮುಟ್ಟಿದ್ರಿ?"

"ಗಾಡೀದೇನ್ ತಪ್ಪು? ಮತ್ತ ನೀವು ಆಡಿದ್ದು ಪೂರಾ ಸುಳ್ಳೂ ಅಲ್ರಿ. ದಪ್ಪ ಸಪ್ಪಳ ದವಡಿಗೆ ತಿಳೀತೈತಿ. ಸಣ್ಣ ಸಪ್ಪಳ ಐದಾರು ವರ್ಷದಿಂದ ಕೇಳಸವಲ್ದು. ಹನ್ನೊಂದು ಕೊಡೂದು ಅದಕ್ಕ. ಕಿವಿ ನೆಟ್ಟಗಿದ್ದಿದ್ರ ಹದಿನಾಲ್ಕು ತರ್ತಿದ್ದೆ."

ಅವರ ಮಾತಿನಲ್ಲಿ ದುಃಖವಿರಲಿಲ್ಲ. ಒಂದು ಅಳತೆಯನ್ನು ಹೇಳಿದ ಹಾಗೆ ಹೇಳಿದರು. ನನಗೆ ಮಾತ್ರ ಎಲ್ಲಿಂದಲೋ ಒಂದು ಜಿದ್ದು ಹುಟ್ಟಿತು. ಈ ಊರುಗಳಲ್ಲಿ ಎಲ್ಲರೂ ಎಲ್ಲವನ್ನೂ ಗುಜರಿಗೆ ಹಾಕಲು ಇಷ್ಟು ಅವಸರ ಮಾಡುವುದೇಕೆ? ಗಾಡಿ ಹಳತಾಯಿತು, ಕಿವಿ ಹಳತಾಯಿತು, ಅಕ್ಕೋರು ಹಳಬರಾದರು. ನಾಳೆ ಮಾಸೂರಿನ ಕೆರೆಯೂ ಹಳತಾಯಿತು ಎನ್ನುತ್ತಾರೆ.

ಸೆರಗು ಬಿಗಿದು ಸಿಕ್ಕಿಸಿಕೊಂಡು ಬಾನೆಟ್ಟಿನ ಪಕ್ಕ ನಿಂತೆ. "ನೀವು ಸ್ಕ್ರೂ ತಿರುಗಸ್ರಿ. ನಾ ಕೇಳ್ತೇನಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸಪ್ಪಳ ಏರಿದ್ರ ಕೈ ಎತ್ರಿ. ಇಳಿದ್ರ ಇಳಸ್ರಿ. ನಡಕ ಬಂದ್ರ ಮುಷ್ಟಿ ಮಾಡ್ರಿ."

ಇಡೀ ಹಗಲು ಅದೇ ಕೆಲಸ. ಮೊದಲು ಹೊಸ ಪ್ಲಗ್ಗು. ಅದರ ತುದಿಯ ಸಂದಿಯನ್ನು ತೆಳು ಪಟ್ಟಿಯಿಂದ ಅಳೆದರು. ಅರಿವೆಯ ಅಂಚು ಮಡಿಸುವಷ್ಟೇ ನಾಜೂಕಿನ ಕೆಲಸ. ಈಗಿನ ಪೆಟ್ರೋಲು ಹಳೆಯ ರಬ್ಬರಿಗೆ ಒಗ್ಗುವುದಿಲ್ಲ ಎಂದು ಬಿರಿದ ಕೊಳವೆಗಳನ್ನು ಬದಲಿಸಿದರು. ಆಮೇಲೆ ಇಂಜಿನ್ ಚಾಲೂ ಮಾಡಿ ಸ್ಕ್ರೂಗೆ ಕೈಯಿಟ್ಟರು. ನಾನು ಕಣ್ಣು ಮುಚ್ಚಿದೆ. ಕಾಲು ಸುತ್ತು: ಏರಿತು. ಇನ್ನೊಂದಿಷ್ಟು: ಇನ್ನೂ ಏರಿತು. ಮತ್ತೊಂದು ಕೂದಲೆಳೆ: ನಡುಕ. ಮುಷ್ಟಿ ಮಾಡಿದೆ. ಆ ಸದ್ದಿನ ಅಡಿಯಲ್ಲಿ ಸೂಜಿಯಂಥ ಒಂದು ಸಿಳ್ಳು ಕೇಳಿಸಿತು. ಹೇಳಿದೆ. ಅವರು ಹುಡುಕಿ, ಎಲ್ಲಿಂದಲೋ ಗಾಳಿ ಕಳವಾಗುತ್ತಿದ್ದ ಒಂದು ಬಿರುಕಿನ ವಾಶರನ್ನು ಕಿತ್ತು ಅಂಗೈಯಲ್ಲಿಟ್ಟು ತೋರಿಸಿದರು. "ನಾಲ್ಕ ವರ್ಷದಿಂದ ಇದು ನನ್ನ ಮುಂದ ಸಿಳ್ಳ ಹೊಡಕೋತ ಕುಂತಿತ್ತು ನೋಡ್ರಿ" ಎಂದು ಅದಕ್ಕೆ ಉರ್ದುವಿನಲ್ಲಿ ಏನೋ ಬೈದರು. ಹೊಸ ವಾಶರ್ ಹಾಕಿದ ಮೇಲೆ ಇಂಜಿನ್ನಿನ ಸದ್ದು ಹೊಸದಾಗಿ ಸಾಣೆ ಹಿಡಿದ ಕತ್ತರಿ ಬಟ್ಟೆಯಲ್ಲಿ ಜಾರಿದ ಹಾಗಿತ್ತು.

ಪರೀಕ್ಷೆಯ ದಿನ ಬಂತು. ಹಿರೇಕೆರೂರಿನಲ್ಲಿ ಟ್ಯಾಂಕಿನ ಕುತ್ತಿಗೆವರೆಗೆ ತುಂಬಿಸುವುದು. ಹಾನಗಲ್ಲು, ಬಂಕಾಪುರ, ಶಿಗ್ಗಾವಿ ಹಾದು ಸವಣೂರಿನಲ್ಲಿ ಮತ್ತೆ ಕುತ್ತಿಗೆವರೆಗೆ ತುಂಬಿಸಿ, ಎಷ್ಟು ಹಿಡಿಯಿತೋ ನೋಡುವುದು. ಬಸವಂತ ತೊಡೆಯ ಮೇಲೆ ನನ್ನ ಕೈಚೀಲ ಇಟ್ಟುಕೊಂಡು ಕುಳಿತ. ಆ ಗಾಡಿಯಲ್ಲಿ ಕೂಡುವುದೆಂದರೆ ಬಾವಿಗೆ ಇಳಿದ ಹಾಗೆ; ಅವನ ಮೊಣಕಾಲು ಗದ್ದಕ್ಕೆ ಬಂದಿದ್ದವು.

ಪೆಟ್ರೋಲ್ ಉಳಿಸುವುದು ಹೇಗೆಂದು ಪುಸ್ತಕದಲ್ಲಿ ಬರೆದಿರುವ ಹಾಗೆ ಓಡಿಸಿದೆ. ನಲವತ್ತರ ಮೇಲೆ ಏರಲಿಲ್ಲ. ಬ್ರೇಕ್ ಮುಟ್ಟಲಿಲ್ಲ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಒತ್ತಲಿಲ್ಲ. ಹಾನಗಲ್ಲು ದಾಟುವಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸ್ಕೂಟಿಯಲ್ಲಿ ನಮ್ಮನ್ನು ಹಿಂದೆ ಹಾಕಿ, ತಿರುಗಿ ಬಂದು, "ಆರಾಮ ಇಲ್ಲೇನ್ರಿ ಅಕ್ಕೋರ?" ಎಂದು ಕೇಳಿ ಹೋದಳು. ಬಂಕಾಪುರದ ಮುಂದೆ ಹೆದ್ದಾರಿ ಸೇರಿದೆವು. ಅಗಲವಾದ, ನುಣುಪಾದ, ಕಣ್ಣು ಹಾಯುವಷ್ಟು ದೂರ ಖಾಲಿ ರಸ್ತೆ. ಅಲ್ಲಿ ಗೋವಿನಜೋಳದ ಚೀಲ ಹೇರಿದ ಒಂದು ಟ್ರ್ಯಾಕ್ಟರು ಹಿಂದಿನಿಂದ ಬಂದು ನಮ್ಮ ಪಕ್ಕಕ್ಕೇ ಓಡತೊಡಗಿತು. ಚೀಲಗಳ ಮೇಲೆ ಕುಳಿತಿದ್ದ ಮುದುಕ ಮೇಲಿಂದ ನಮ್ಮನ್ನು ಕನಿಕರದಿಂದ ನೋಡಿದ.

"ಕೆಟ್ಟೈತೇನ್ರಿ ಅಕ್ಕಾರ? ಹಗ್ಗ ಐತಿ, ಜಗ್ಗಲೇನ್ರಿ?"

ಟ್ರ್ಯಾಕ್ಟರು ಮುಂದೆ ಹೋಯಿತು. ಬಸವಂತ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಅರವತ್ತೊಂದು ವರ್ಷ ನಾನು ಉಳಿಸಿದ್ದೇ ಉಳಿಸಿದ್ದು. ದಾರದ ತುಂಡು, ಅರಿವೆಯ ಚೂರು, ಸೀಮೆಸುಣ್ಣದ ಕೊನೆ, ಆಡಬೇಕಾದ ಮಾತು. ಈ ಗಾಡಿಯನ್ನೂ ಉಳಿಸಿ ಉಳಿಸಿ ಓಡಿಸಿ, ಹದಿನಾಲ್ಕು ತೋರಿಸಿ, ಬಹುಮಾನವಾಗಿ ಮುಂದೆಯೂ ನಲವತ್ತರಲ್ಲೇ ತೆವಳಬೇಕೆ? ಇದನ್ನು ಮಾಡಿದವನು ಯಾವನೋ, ಅವನು ಓಡಲೆಂದು ಮಾಡಿದ. ಗೇರು ಇಳಿಸಿ ಕಾಲು ಊರಿದೆ.

ಗಾಡಿ ಮೊದಲು ನಂಬಲಿಲ್ಲ. ಒಂದು ಉಸಿರು ತಡೆದು, ಆಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ಹಾರಿತು. ಇಂಜಿನ್ನಿನ ಸದ್ದು ಏರಿತು, ಇನ್ನೂ ಏರಿತು, ನಡುಕವಿಲ್ಲದೆ ಏರಿತು. ನಾನು ಸುಮ್ಮನೆ ಒಂದು ಕೈ ಮೇಲೆತ್ತಿಬಿಟ್ಟಿದ್ದೆ.

"ಅಕ್ಕಾ! ಲೆಕ್ಕಾ ತಪ್ಪತೈತಿ! ಹದಿನಾಲ್ಕು ಬರೂದಿಲ್ಲ!"

"ಬರದಿದ್ರ ಬಿಡ್ಲಿ!"

"ಕೈ! ಕೈ ಇಡ ಮೊದಲ!"

ಟ್ರ್ಯಾಕ್ಟರು ಕಂಡಿತು. ಬಸವಂತನ ಮುಖದಿಂದ ಟವೆಲ್ ಜಾರಿತ್ತು. ಅವನು ಮುಂದಕ್ಕೆ ಬಾಗಿ, ನನ್ನ ಚೀಲವನ್ನು ಎದೆಗೆ ಅವಚಿಕೊಂಡು, ಮಾಸೂರಿನ ಕಾಲುವೆಯ ಏರಿಯ ಮೇಲೆ ನಾವು ಸೈಕಲ್ ಟೈರು ಓಡಿಸುತ್ತಿದ್ದಾಗಿನ ದನಿಯಲ್ಲಿ ಕೂಗಿದ. "ಹಿಡೀ ಅಕ್ಕಾ, ಅವನ್ನ ಹಿಡೀ! ಬಿಡಬ್ಯಾಡ!"

ದಾಟುವಾಗ ಅವನು ಕಿಟಕಿಯಿಂದ ತಲೆ ಹೊರಹಾಕಿ ಚೀಲದ ಮೇಲಿನ ಮುದುಕನಿಗೆ, "ಹಗ್ಗ ಬೇಕೇನಪಾ?" ಎಂದು ಕೇಳಿದ. ಶಿಗ್ಗಾವಿ ಬರುವವರೆಗೆ ನಮ್ಮಿಬ್ಬರ ನಗು ನಿಲ್ಲಲಿಲ್ಲ.

ಸವಣೂರಿನ ಪೆಟ್ರೋಲ್ ಬಂಕಿನಲ್ಲಿ ಕುತ್ತಿಗೆವರೆಗೆ ತುಂಬಿಸಿದೆವು. ಬಸವಂತ ಮೊಬೈಲಿನಲ್ಲಿ ಭಾಗಿಸಿದ, ಮತ್ತೊಮ್ಮೆ ಭಾಗಿಸಿದ. ಹನ್ನೆರಡೂವರೆ.

"ಹದಿನಾಲ್ಕಾಗ್ಲಿಲ್ಲ ಅಕ್ಕಾ."

"ಆಗ್ಲಿಲ್ಲ. ಗಾಡೀನೂ ಕೊಡೂದಿಲ್ಲ. ಹದಿನಾಲ್ಕು ಬಂದಿದ್ರೂ ಕೊಡ್ತಿದ್ದಿಲ್ಲ, ನಾಲ್ಕು ಬಂದಿದ್ರೂ ಕೊಡ್ತಿದ್ದಿಲ್ಲ."

ಅವನು ಗುಜರಿಯವನಿಗೆ ಫೋನು ಹಚ್ಚಿದ. "ಇಲ್ರಿ, ಬರಬ್ಯಾಡ್ರಿ... ಇಲ್ಲ, ಗಾಡಿ ಛಲೋ ಐತ್ರಿ. ನಮ್ಮಕ್ಕಂದ ಸ್ವಲ್ಪ ರಿಪೇರಿ ಆಗಬೇಕು, ಅದು ಆಗೂದಲ್ಲ."

ಅಲ್ಲಿಂದ ನೇರ ಖಾರದ ಅಂಗಡಿಗೆ ಹೋದೆ. ಅಂಗಡಿಯಲ್ಲಿ ಅವತ್ತು ಆರೇಳು ಜನರಿದ್ದರು, ಒಳ್ಳೆಯದೇ ಆಯಿತು. ಚೋಕಿನ ಗುಬ್ಬಿ, ಚೀಲ, ಶೇಂಗಾ, ಕತ್ತರಿ ಎಲ್ಲವನ್ನೂ ಬಿಡದೆ ಹೇಳಿದೆ. ತಪ್ಪು ನನ್ನದು, ಮೇಸ್ತ್ರಿಯದಲ್ಲ ಎಂದು ಎರಡು ಸಲ ಹೇಳಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಎಂದೇ ಹೇಳಿದ್ದು. ನಗು ಬರುವ ಸುದ್ದಿ ಬೇಗ ಹರಡುತ್ತದೆ.

ಈಗ ಪ್ರತಿ ಗುರುವಾರ ನಾನು ಸವಣೂರಿಗೆ ಹೋಗುತ್ತೇನೆ. ಗ್ಯಾರೇಜಿನಲ್ಲಿ ನನಗೊಂದು ಕುರ್ಚಿ ಹಾಕಿರುತ್ತಾರೆ. ಹಳೆಯ ಜೀಪುಗಳು ಮತ್ತೆ ಬಂದಿವೆ. ದುಂಡಸಿಯಿಂದ ಒಬ್ಬರು ಅಜ್ಜನ ಕಾಲದ ಮೋಟರ್ ಸೈಕಲ್ ತರುತ್ತಾರೆ. ದಸ್ತಗೀರಸಾಬರು ಬಾಗಿ ಸ್ಕ್ರೂ ಹಿಡಿಯುತ್ತಾರೆ, ನಾನು ಕಣ್ಣು ಮುಚ್ಚಿ ಕೈ ಎತ್ತುತ್ತೇನೆ, ಇಳಿಸುತ್ತೇನೆ. ಹೋದ ವಾರ ನನ್ನ ಜೊತೆ ಕೆಲಸ ಮಾಡಿದ್ದ ಗಣಿತದ ಮಾಸ್ತರರೊಬ್ಬರು ರಸ್ತೆಯಲ್ಲಿ ಹೋಗುವವರು ನಿಂತುಬಿಟ್ಟರು. ಗ್ರೀಸು ಹತ್ತಿದ ನನ್ನ ಸೀರೆಯನ್ನೂ ಗಾಳಿಯಲ್ಲಿದ್ದ ನನ್ನ ಕೈಯನ್ನೂ ನೋಡಿ, "ಇದೇನ್ರಿ ಅಕ್ಕೋರ, ಈ ವಯಸ್ಸಿನಾಗ ಇಲ್ಲಿ ಏನ್ ಮಾಡಾಕತ್ತೀರಿ?" ಎಂದರು.

"ಶ್!" ಎಂದೆ. "ಕೇಳಾಕತ್ತೇನಿ."